ಮುದುಕ ಬಾಗಿಲು ಬಡಿದನೋ ಇಲ್ಲೋ

1961ರ ಮಾತು. ಆಗ ನಾನು ಇಂಡಿ ಎಂಬ ಊರಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ಇನ್ನೂ ಮದುವೆಯಾಗಿರಲಿಲ್ಲ. ಭಾನುವಾರ ಬಂತೆಂದರೆ ನಸುಕಿನಲ್ಲೇ ಸೈಕಲ್ ತುಳಿದು ಇಂಡಿ ರೋಡ್ ಸ್ಟೇಷನ್ ಸೇರಿ, ಸೈಕಲ್ಲನ್ನು ಅಲ್ಲಿಯ ಚಹಾದಂಗಡಿಯಲ್ಲಿ ಬಿಟ್ಟು, ಗಾಡಿ ಹತ್ತಿ ಸೊಲ್ಲಾಪುರಕ್ಕೆ ಹೋಗುತ್ತಿದ್ದೆ. ಕಾರಣ ಸಿನಿಮಾ. ನಮ್ಮೂರಿಗೆ ಬೇಸಿಗೆಯಲ್ಲಿ ಟೂರಿಂಗ್ ಟಾಕೀಸಿನ ಡೇರೆ ಬರುತ್ತಿತ್ತು, ನಿಜ. ಆದರೆ ಸೊಲ್ಲಾಪುರದ ಒಂದು ಟಾಕೀಸಿನಲ್ಲಿ ಭಾನುವಾರ ಮುಂಜಾನೆ ಮಾತ್ರ ಪರದೇಶದ ಚಿತ್ರ ತೋರಿಸುತ್ತಿದ್ದರು. ಹಾಡು ಕುಣಿತ ಇಲ್ಲ, ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತಿರುತ್ತವೆ. ನೋಡುವವರಿಂದ ಕಾಲು ಭಾಗ ಕುರ್ಚಿಯೂ ತುಂಬುತ್ತಿರಲಿಲ್ಲ. ಅದರಲ್ಲಿ ನಾವಿಬ್ಬರು ಕಾಯಂ.

ಇನ್ನೊಬ್ಬ ದಸ್ತಗೀರಸಾಬ. ಇಂಡಿಯವನೇ, ನಿಂಬೆಹಣ್ಣಿನ ವ್ಯಾಪಾರಿ. ಶನಿವಾರ ಚೀಲಗಳ ಸಮೇತ ಸೊಲ್ಲಾಪುರಕ್ಕೆ ಹೋಗಿ ಮಾಲು ಮಾರಿ, ರಾತ್ರಿ ದಲಾಲಿ ಅಂಗಡಿಯಲ್ಲೇ ಮಲಗಿ, ಮುಂಜಾನೆ ಟಾಕೀಸಿನ ಬಾಗಿಲಲ್ಲಿ ನನ್ನ ದಾರಿ ಕಾಯುತ್ತಿದ್ದ. ಇಂಗ್ಲಿಷ್ ಒಂದಕ್ಷರ ಬಾರದು. ಮೊದಮೊದಲು ನಾನು ಪಕ್ಕದಲ್ಲಿ ಕುಳಿತು ಅರ್ಥ ಹೇಳುತ್ತಿದ್ದೆ. ಒಂದು ದಿನ ಅವನೇ ಬೇಡ ಎಂದ.

“ನೀವು ಅಕ್ಷರ ಓದೂದ್ರಾಗ ಮಂದಿ ಮಾರಿ ನೋಡೂದು ಬಿಡ್ತೀರಿ ಮಾಸ್ತರ. ನಾ ಮಾರಿ ನೋಡತೇನಿ. ನನಗ ನಿಮಗಿಂತ ಛಲೋ ತಿಳೀತೈತಿ.”

ಅವನಿಗೆ ಎಲ್ಲದರ ಮೇಲೂ ಒಂದು ಅಭಿಪ್ರಾಯವಿತ್ತು. ಚಿತ್ರ ಶುರುವಾಗುವ ಮುಂಚೆ ಸರಕಾರದ ಸಾಕ್ಷ್ಯಚಿತ್ರ ತೋರಿಸುತ್ತಿದ್ದರಲ್ಲ, ಅಣೆಕಟ್ಟು, ಮಗ್ಗ, ಕೋಳಿ ಸಾಕಣೆ ಇಂಥವು, ಅವನ್ನೂ ಬಿಡದೆ ನೋಡುತ್ತಿದ್ದ. ಆದರೆ ಚಿತ್ರದ ಹಿಂದಿನಿಂದ ವಿವರಣೆ ಕೊಡುವ ದನಿ ಅವನಿಗೆ ಆಗುತ್ತಿರಲಿಲ್ಲ. “ನಾ ನೋಡೂಕಿಂತ ಮೊದಲ ಅಂವ ಎಲ್ಲಾ ಹೇಳಿಬಿಡ್ತಾನ. ಸುಮ್ಮ ಕುಂತಿದ್ರ ಎಷ್ಟ ಛಂದ ಆಗತಿತ್ತು,” ಅನ್ನುತ್ತಿದ್ದ. ನನಗೆ ಅದು ಸರಿ ಅನ್ನಿಸುತ್ತಿತ್ತು. ಉಳಿದ ವಿಷಯದಲ್ಲಿ ನಮ್ಮಿಬ್ಬರಿಗೂ ಒಮ್ಮತ ಆದದ್ದು ಕಡಿಮೆ. ಮಧ್ಯಾಹ್ನದ ಗಾಡಿಯಲ್ಲಿ ಒಟ್ಟಿಗೆ ಊರಿಗೆ ಮರಳುವಾಗ ದಾರಿಯುದ್ದಕ್ಕೂ ವಾದ ನಡೆಯುತ್ತಿತ್ತು.

ಆ ಭಾನುವಾರ ನೋಡಿದ್ದು ಯಾವುದೋ ಚಳಿ ದೇಶದ ಚಿತ್ರ. ಕಥೆ ಸಣ್ಣದು. ಒಬ್ಬ ಮುದುಕನಿಗೂ ಅವನ ಮಗನಿಗೂ ಮಾತು ಬಿಟ್ಟು ವರ್ಷಗಳಾಗಿವೆ. ಮಗ ದೂರದ ಪಟ್ಟಣದಲ್ಲಿದ್ದಾನೆ. ಮುದುಕ ಒಂದು ದಿನ ಯಾರಿಗೂ ಹೇಳದೆ ಹೊರಟು, ಹಿಮದಲ್ಲಿ ನಡೆದು, ಕೇಳುತ್ತ ಕೇಳುತ್ತ ಮಗನ ಮನೆ ಹುಡುಕುತ್ತಾನೆ. ಚಿತ್ರದ ಬಹುಪಾಲು ಈ ಹುಡುಕಾಟವೇ. ಕಡೆಗೆ ಮನೆ ಸಿಗುತ್ತದೆ. ಒಳಗೆ ದೀಪ ಉರಿಯುತ್ತಿದೆ. ಮುದುಕ ಬಾಗಿಲು ಬಡಿಯಲು ಕೈ ಎತ್ತುತ್ತಾನೆ. ಅಲ್ಲಿಗೆ ಚಿತ್ರ ಮುಗಿಯಿತು. ಟಾಕೀಸಿನಲ್ಲಿ ದೀಪ ಹತ್ತಿದಾಗ ಕೆಲವರು ರೀಲು ಕಡಿದಿದೆ ಎಂದು ಸೀಟಿ ಹೊಡೆದರು.

ನನಗೆ ಆ ಕೊನೆ ಬಹಳ ಹಿಡಿಸಿತು. ದಸ್ತಗೀರನಿಗೆ ಸಿಟ್ಟು ಬಂದಿತ್ತು. ಸ್ಟೇಷನ್ನಿಗೆ ನಡೆದು ಬರುವಾಗಲೇ ಶುರು ಮಾಡಿದ.

“ಅಲ್ರಿ ಮಾಸ್ತರ, ಪೂರಾ ತಿಕೀಟ ಕೊಟ್ಟು ಮುಕ್ಕಾಲು ಪಿಕ್ಚರ್ ತೋರಿಸಿ ಕಳಿಸಿದ್ರ ಅದಕ್ಕ ಏನಂತಾರ?”

“ಮುಂದಿಂದು ನೋಡಿದವರು ತಿಳ್ಕೋಬೇಕು. ಅದ ಅದರ ಛಂದ.”

“ತಿಳ್ಕೊಳ್ಳೂದಿದ್ರ ನಾ ಮನ್ಯಾಗ ಕುಂತ ತಿಳ್ಕೋತಿದ್ದೆ. ಇಲ್ಲೀತನಾ ಯಾಕ ಬರಬೇಕಿತ್ತು?”

ಗಾಡಿಯಲ್ಲಿ ಅಷ್ಟು ಜನ ಇರಲಿಲ್ಲ. ನಮ್ಮ ಎದುರು ಬಾಕಿನ ಮೇಲೆ ಕಿಟಕಿಗೆ ಹೊಂದಿ ಒಬ್ಬ ಹೆಂಗಸು ಕುಳಿತಿದ್ದಳು. ವಯಸ್ಸು ನಲವತ್ತೈದರ ಸುತ್ತಮುತ್ತ. ಇಳಕಲ್ ಸೀರೆ, ತಲೆಯ ಮೇಲೆ ಸೆರಗು. ತೊಡೆಯ ಮೇಲೆ ಒಂದು ಬಟ್ಟೆಯ ಚೀಲ. ಅದನ್ನು ಎರಡೂ ಕೈಯಿಂದ ಹಿಡಿದಿದ್ದಳು. ಗಾಡಿ ಬಿಟ್ಟ ಮೇಲೂ ನಾವು ವಾದ ಬಿಡಲಿಲ್ಲ. ಆ ಮುದುಕ ಕೈ ಎತ್ತಿದ್ದೇ ಸಾಕು, ಅಲ್ಲಿಗೆ ಅವನ ಮನಸ್ಸು ಗೊತ್ತಾಯಿತಲ್ಲ ಎಂದು ನಾನು. ಮನಸ್ಸು ತಗೊಂಡು ಏನು ಮಾಡಲಿ, ಮಗ ಬಾಗಿಲು ತೆಗೆದನೋ ಇಲ್ಲವೋ ಹೇಳಿ ಎಂದು ಅವನು.

ಸ್ವಲ್ಪ ಹೊತ್ತಿನ ಮೇಲೆ ಆ ಹೆಂಗಸು ನಮ್ಮ ಕಡೆ ತಿರುಗಿ ಕೇಳಿದಳು, “ತಮ್ಮಾ, ಆ ಮುದುಕ ಯಾವ ಊರಾವ?”

ನಿಜವಾಗಿ ನಡೆದದ್ದು ಎಂದು ತಿಳಿದುಕೊಂಡಿದ್ದಾಳೆ ಎಂದು ನನಗೆ ನಗು ಬಂತು. ದಸ್ತಗೀರ ನಗಲಿಲ್ಲ. “ಸಿನಿಮಾದಾಗಿನ ಮುದುಕ ರೀ ಅಕ್ಕಾರ. ಪರದೇಶದಾಂವ,” ಎಂದ.

“ನಾ ಸಿನಿಮಾ ನೋಡಿದಾಕಿ ಅಲ್ಲ. ಅಂವ ಬಾಗಿಲಾ ಬಡದನೋ ಇಲ್ಲೋ?”

“ಅದನ್ನ ತೋರಿಸಲಿಲ್ಲ ನೋಡ್ರಿ. ಅದಕ ನಮ್ಮ ಜಗಳ.”

“ಬಡದಿರೂದಿಲ್ಲ,” ಎಂದಳು ಆಕೆ. ಕಿಟಕಿಯ ಹೊರಗೆ ನೋಡುತ್ತ ಮತ್ತೆ ಹೇಳಿದಳು, “ಬಡಿಯಾಕ ಬರಂಗಿಲ್ಲ. ಕೈ ಏಳತೈತಿ, ಮುಂದಕ ಹೋಗಂಗಿಲ್ಲ.”

ಆಮೇಲೆ ಆಕೆ ಚೀಲದ ಬಾಯಿ ಬಿಚ್ಚಿ, ಅರಿವೆಯಲ್ಲಿ ಕಟ್ಟಿದ ಉಂಡೆಗಳನ್ನು ತೆಗೆದು ನಮ್ಮ ಮುಂದೆ ಹಿಡಿದಳು. “ತಿನ್ರಿ. ಎಲ್ಲಾ ನೀವ ತಿಂದ್ರೂ ಛಲೋನ ಆತು. ಮನಿಗೆ ಒಯ್ಯಾಕ ಬರಂಗಿಲ್ಲ.”

ದಸ್ತಗೀರ ಒಂದನ್ನು ಕೈಗೆ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದ. ತಿನ್ನಲಿಲ್ಲ. “ಇವು ಅಂಟಿನುಂಡಿ. ಬಾಣಂತಿಗೆ ಕಟ್ಟಿದ್ದು. ನಮಗ್ಯಾಕ ಕೊಡ್ತೀರಿ ಅಕ್ಕಾರ?”

ಉಂಡೆಗಳ ಕೆಳಗೆ ಕೂಸಿನ ತಲೆಗೆ ಕಟ್ಟುವ ಕುಲಾಯಿ ಒಂದು ಮಡಚಿ ಇಟ್ಟದ್ದು ನನಗೂ ಕಾಣಿಸಿತು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳಲಿಲ್ಲ. ನಿಧಾನಕ್ಕೆ ಎಲ್ಲ ಹೇಳಿದಳು.

ಹೆಸರು ಗೌರವ್ವ, ಊರು ಹೊರ್ತಿ. ಗಂಡ ಶಿವಲಿಂಗಪ್ಪನದು ಹಿಟ್ಟಿನ ಗಿರಣಿ. ಇರುವವಳು ಒಬ್ಬಳೇ ಮಗಳು, ಶಾಂತಾ. ಗಿರಣಿಯ ಎಂಜಿನ್ ರಿಪೇರಿಗೆಂದು ಸೊಲ್ಲಾಪುರದಿಂದ ಬರುತ್ತಿದ್ದ ಫಿಟರ್ ಹುಡುಗನನ್ನು ಅವಳು ಮೆಚ್ಚಿದಳು. ಬೇರೆ ಜಾತಿ. ಅವನ ಕೈಗುಣವನ್ನು ಶಿವಲಿಂಗಪ್ಪನೇ ಮನೆಯಲ್ಲಿ ಹೊಗಳುತ್ತಿದ್ದನಂತೆ. ಅಷ್ಟರಲ್ಲಿ ಹುಡುಗಿ ಅವನ ಜೊತೆ ಹೋಗಿ ಲಗ್ನ ಮಾಡಿಕೊಂಡಳು. ಅಂದಿನಿಂದ ಮನೆಯಲ್ಲಿ ಅವಳ ಹೆಸರು ಎತ್ತುವಂತಿಲ್ಲ. “ಅಕಿ ಮನಿ ಹೊಸ್ತಿಲಾ ತುಳದ್ರ ನೀ ಈ ಹೊಸ್ತಿಲಾ ಮರೀಬೇಕು” ಎಂದು ಗಂಡ ಹೇಳಿಬಿಟ್ಟಿದ್ದ. ಮಗಳು ಹಡೆದಿದ್ದಾಳೆಂದು ಬಳೆಗಾರನ ಬಾಯಿಂದ ತಿಳಿದಾಗ ಗೌರವ್ವನಿಗೆ ತಡೆಯಲಾಗಲಿಲ್ಲ. ಲಚ್ಯಾಣದಲ್ಲಿರುವ ಅಣ್ಣನ ಮನೆಗೆ ಹೋಗಿ ಸಂಜೆ ಬರುತ್ತೇನೆ ಎಂದು ಗಂಡನಿಗೆ ಸುಳ್ಳು ಹೇಳಿ, ಬಸ್ಸಿನಲ್ಲಿ ಊರವರು ನೋಡುತ್ತಾರೆಂದು ರೈಲು ಹಿಡಿದು, ಒಬ್ಬಳೇ ಸೊಲ್ಲಾಪುರಕ್ಕೆ ಬಂದಿದ್ದಳು. ಬಟ್ಟೆ ಗಿರಣಿಯ ಕೆಲಸಗಾರರ ಸಾಲುಮನೆಗಳ ಚಾಳಿನಲ್ಲಿ ಕೇಳುತ್ತ ಕೇಳುತ್ತ ಮನೆಯನ್ನೂ ಹುಡುಕಿದ್ದಳು.

“ಬಾಗಿಲಾ ಚಿಲಕ ಹಾಕದ ಮುಂದ ಮಾಡಿದ್ರು. ಒಳಗ ಶಾಂತಾ ನಗಾಕತ್ತಿದ್ಳು. ಅಕಿ ನಗೂದು ನನಗ ಗೊತ್ತ ಐತಲ್ಲ. ಕೂಸಿನ ಕೂಡ ಏನೋ ಮಾತಾಡಿ ನಗಾಕತ್ತಿದ್ಳು. ನಾ ಕೈ ಎತ್ತಿದೆ. ಈಗ ನನ್ನ ಮಾರಿ ನೋಡಿದ್ರ ಆ ನಗೀ ನಿಂತರ ಏನ ಮಾಡೂದು ಅನಿಸ್ತು. ತಿರುಗಿ ಬಂದೆ.”

ಅವಳು ಇದನ್ನು ಹೇಳಿ ಮುಗಿಸುವ ಹೊತ್ತಿಗೆ ಗಾಡಿ ಹೋಟಗಿಗೆ ಬಂದು ನಿಂತಿತ್ತು. ಹೋಟಗಿ ಜಂಕ್ಷನ್. ಮುಂಬಯಿ ಮದರಾಸು ಹಾದಿಯ ಗಾಡಿ ಬರುವವರೆಗೆ ನಮ್ಮ ಗಾಡಿ ಅಲ್ಲಿ ಬಹಳ ಹೊತ್ತು ನಿಲ್ಲುತ್ತಿತ್ತು. ದಸ್ತಗೀರ ಕೈಯಲ್ಲಿದ್ದ ಉಂಡೆಯನ್ನು ಮತ್ತೆ ಅರಿವೆಯಲ್ಲಿಟ್ಟು, ಗಂಟು ಕಟ್ಟಿ, ಚೀಲ ಎತ್ತಿಕೊಂಡು ಎದ್ದು ನಿಂತ.

“ಇಳೀರಿ ಅಕ್ಕಾರ.”

“ಎಲ್ಲಿಗೆ?”

“ಸೊಲ್ಲಾಪುರಕ್ಕ. ಇಲ್ಲಿಂದ ಗಾಡಿ ಬೇಕಾದಷ್ಟು ಅದಾವ.”

ಗೌರವ್ವ ಒಪ್ಪಲಿಲ್ಲ. ಇವತ್ತು ಮನೆಗೆ ಹೋಗದಿದ್ದರೆ ನಾಳೆ ಮುಂಜಾನೆ ಗಂಡ ಲಚ್ಯಾಣಕ್ಕೆ ಹೋಗುತ್ತಾನೆ, ಸುಳ್ಳು ಹೊರಬೀಳುತ್ತದೆ, ಆಮೇಲೆ ತನಗೆ ಹೊರ್ತಿಯೂ ಇಲ್ಲ ಸೊಲ್ಲಾಪುರವೂ ಇಲ್ಲ ಎಂದಳು. ಅದು ಸುಳ್ಳಾಗಿರಲಿಲ್ಲ. ನನಗೂ ಇದು ನಮಗೆ ಸಂಬಂಧವಿಲ್ಲದ ವಿಷಯ ಅನ್ನಿಸಿತು. ದಸ್ತಗೀರನ ತೋಳು ಹಿಡಿದು, ಬೇರೆಯವರ ಮನೆಯ ವಿಷಯ, ಬಿಡು ಎಂದೆ.

ಅವನು ತೋಳು ಬಿಡಿಸಿಕೊಂಡ. ಆಕೆಗೆ ಹೇಳಿದ, “ನಿಮ್ಮ ಯಜಮಾನರಿಗೆ ಇವರು ಹೋಗಿ ಹೇಳ್ತಾರ. ಸಾಲಿ ಮಾಸ್ತರ ಅದಾರ. ಮಾಸ್ತರ ಮಾತಿಗೆ ಯಾರೂ ಹೊಡಿಯಾಕ ಬರಂಗಿಲ್ಲ. ನೀವು ಇಳೀರಿ.”

ಆಕೆ ನನ್ನ ಮುಖ ನೋಡಿದಳು. “ಏನಂತ ಹೇಳ್ತೀರಿ?”

“ಇದ್ದದ್ದು ಹೇಳ್ತೇನ್ರಿ,” ಎಂದುಬಿಟ್ಟೆ. ಆ ಮಾತು ಹೇಗೆ ಬಂತೋ ಗೊತ್ತಿಲ್ಲ. ಆಕೆ ಇನ್ನೂ ಸ್ವಲ್ಪ ಹೊತ್ತು ಕುಳಿತೇ ಇದ್ದಳು. ಆಮೇಲೆ ಸೆರಗು ಸರಿ ಮಾಡಿಕೊಂಡು ಇಳಿದಳು. ಅವರಿಬ್ಬರೂ ಪ್ಲಾಟ್‌ಫಾರ್ಮ್ ದಾಟಿ ಹೋಗುವುದನ್ನು ನಾನು ಕಿಟಕಿಯಿಂದ ನೋಡಿದೆ. ದಸ್ತಗೀರ ಚೀಲ ಹಿಡಿದು ಮುಂದೆ, ಆಕೆ ನಾಲ್ಕು ಹೆಜ್ಜೆ ಹಿಂದೆ.

ಇಂಡಿ ರೋಡಿನಲ್ಲಿ ಇಳಿದು ಚಹಾದಂಗಡಿಯಿಂದ ಸೈಕಲ್ ತೆಗೆದುಕೊಂಡೆ. ಒಂದು ಕಡೆ ಇಂಡಿಯ ರಸ್ತೆ, ಇನ್ನೊಂದು ಕಡೆ ಹೊರ್ತಿಯದು. ಇಂಡಿಗೆ ಹೋಗಿ ಕೈಕಾಲು ತೊಳೆದು ಮಲಗಿಬಿಡಲೇ ಎಂಬ ವಿಚಾರ ಬಾರದೆ ಇರಲಿಲ್ಲ. ಆದರೆ ಹೇಳಿಬಿಟ್ಟಿದ್ದೆನಲ್ಲ. ಹೊರ್ತಿಯ ಕಡೆ ತುಳಿದೆ. ಎರಡೂ ಬದಿ ತೆನೆ ಹಿಡಿದ ಬಿಳಿಜೋಳ, ಎದುರುಗಾಳಿ. ಏನು ಹೇಳಬೇಕು ಎಂಬುದನ್ನು ದಾರಿಯಲ್ಲಿ ಹಲವು ರೀತಿ ಜೋಡಿಸಿ ನೋಡಿದೆ. ಯಾವುದೂ ಸರಿಬರಲಿಲ್ಲ.

ಊರು ಸೇರಿದಾಗ ಹೊತ್ತು ಇಳಿದಿತ್ತು. ಗಿರಣಿಯನ್ನು ಹುಡುಕಬೇಕಾಗಲಿಲ್ಲ. ಅದರ ಟುಕ್ ಟುಕ್ ಸದ್ದು ಊರಬಾಗಿಲಿನ ಅಗಸಿಯವರೆಗೂ ಕೇಳುತ್ತಿತ್ತು. ಬಾಗಿಲಲ್ಲಿ ಜೋಳದ ಬುಟ್ಟಿ ಇಟ್ಟುಕೊಂಡು ಹೆಂಗಸರು ಸರದಿ ಕುಳಿತಿದ್ದರು. ಒಳಗೆ ಎತ್ತರದ ಒಬ್ಬ ಮನುಷ್ಯ, ಹುಬ್ಬು ರೆಪ್ಪೆಯ ಮೇಲೆಲ್ಲ ಹಿಟ್ಟು, ಕಲ್ಲಿಗೆ ಕಾಳು ಬಿಡುತ್ತಿದ್ದ.

ನಾನು ಹತ್ತಿರ ಹೋಗಿ “ಶಿವಲಿಂಗಪ್ಪನವರು ನೀವ ಏನ್ರಿ?” ಎಂದೆ. ಎಂಜಿನ್ನಿನ ಗದ್ದಲದಲ್ಲಿ ಕೇಳಲಿಲ್ಲ. ಮತ್ತೆ ಒದರಿದೆ.

“ಹೌದ. ಏನ ತಂದೀರಿ? ಗೋದಿ ಏನು ಜ್ವಾಳ?” ಎಂದು ಅವನೂ ಒದರಿದ.

“ಬೀಸಾಕ ಬಂದಿಲ್ರಿ. ಒಂದೀಟು ಮಾತಾಡೂದೈತಿ. ಎಂಜಿನ್ ಬಂದ್ ಮಾಡ್ರಿ.”

“ಬಂದ್ ಮಾಡಿದ್ರ ಮತ್ತ ಚಾಲೂ ಮಾಡೂದು ತ್ರಾಸ ಐತಿ. ಹಂಗ ಹೇಳ್ರಿ.”

ಬಾಗಿಲಲ್ಲಿದ್ದ ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು. ಅವರೆದುರು ಆ ಮಾತನ್ನು ಒದರಿ ಹೇಳುವುದು ಹೇಗೆ? ನಾನು ಅವನ ಕಿವಿಯ ಹತ್ತಿರ ಬಾಯಿ ಒಯ್ದು “ಶಾಂತಾನ ಸುದ್ದಿ,” ಎಂದೆ.

ಅವನು ನನ್ನ ಮುಖ ನೋಡಲಿಲ್ಲ. ಕಲ್ಲಿನಲ್ಲಿದ್ದ ಕಾಳು ಪೂರ್ತಿ ಬೀಳುವವರೆಗೆ ಹಾಗೆಯೇ ನಿಂತ. ಆಮೇಲೆ ಹೋಗಿ ಎಂಜಿನ್ ನಿಲ್ಲಿಸಿದ. ಎಂಜಿನ್ನಿಗೂ ಕಲ್ಲಿಗೂ ಹಾಕಿದ ಪಟ್ಟಿ ನಾಲ್ಕು ಸುತ್ತು ತಿರುಗಿ ನಿಂತಿತು. ಒಮ್ಮೆಲೇ ಅಷ್ಟು ನಿಶ್ಶಬ್ದವಾದದ್ದರಿಂದ ನನಗೆ ಕಿವಿಯಲ್ಲಿ ಗುಂಯ್ ಎನ್ನತೊಡಗಿತು. ಹೆಂಗಸರಿಗೆ “ನಾಳೆ ಬರ್ರಿ” ಎಂದು ಹೇಳಿ ಬಾಗಿಲು ಮುಂದೆ ಮಾಡಿದ.

ಜೋಳದ ಚೀಲದ ಮೇಲೆ ಇಬ್ಬರೂ ಕುಳಿತೆವು. ನಾನು ಶಾಂತಾ ಹಡೆದಿದ್ದಾಳೆಂದೂ, ಗೌರವ್ವ ಲಚ್ಯಾಣಕ್ಕೆ ಹೋಗಿಲ್ಲವೆಂದೂ, ಸೊಲ್ಲಾಪುರಕ್ಕೆ ಹೋಗಿ ಬಾಗಿಲಿಂದ ತಿರುಗಿ ಬರುತ್ತಿದ್ದಳೆಂದೂ, ಈಗ ಮತ್ತೆ ಹೋಗಿದ್ದಾಳೆಂದೂ ಹೇಳಿದೆ. ಎಲ್ಲ ಮುಗಿದ ಮೇಲೆ ಅವನು ಒಂದೇ ಮಾತು ಕೇಳಿದ.

“ಹುಟ್ಟಿದ್ದು ಏನು? ಗಂಡೋ ಹೆಣ್ಣೋ?”

ನನಗೆ ಗೊತ್ತಿರಲಿಲ್ಲ. ನಾವು ಕೇಳಿರಲೇ ಇಲ್ಲ.

“ಸೈಕಲ್ ತುಳಕೊಂಡು ಇಷ್ಟ ದೂರ ಹೇಳಾಕ ಬಂದೀರಿ. ಅದೊಂದನ್ನ ಕೇಳಿಲ್ಲೇನು?” ಎಂದ. ದನಿಯಲ್ಲಿ ಸಿಟ್ಟಿತ್ತು. ನಾನು ಅಂಜಿಕೊಂಡು ಬಂದ ಸಿಟ್ಟು ಅದಲ್ಲ. ನನಗೆ ಬಹಳ ನಾಚಿಕೆಯಾಯಿತು.

ಅವನೇ ಮತ್ತೆ ಕೇಳಿದ, “ನೀವು ಅಕಿಗೆ ಏನಾಗಬೇಕು?”

“ಏನೂ ಇಲ್ರಿ. ಗಾಡ್ಯಾಗ ಭೇಟಿ ಆದ್ರು.”

“ಮತ್ತ ನಡುವ ಯಾಕ ಬಂದ್ರಿ?”

ನಾನು ಸಿನಿಮಾದ ಕಥೆಯನ್ನೇ ಹೇಳಿದೆ. ಮುದುಕ, ಹಿಮ, ದೀಪ, ಎತ್ತಿದ ಕೈ, ನಮ್ಮ ಜಗಳ ಎಲ್ಲ. ಹೇಳುವಾಗ ಅದು ಎಷ್ಟು ಸಣ್ಣ ವಿಷಯವೆಂದು ನನಗೇ ಅನ್ನಿಸಿತು. ಶಿವಲಿಂಗಪ್ಪ ಅಂಗೈಯ ಹಿಟ್ಟನ್ನು ಧೋತರಕ್ಕೆ ಒರೆಸಿಕೊಂಡು, “ಹುಚ್ಚರಿದ್ದೀರಿ ಇಬ್ಬರೂ,” ಎಂದ. ಆಮೇಲೆ ನೆಲ ನೋಡುತ್ತ ಹೇಳಿದ, “ಅಂಟು ಹುರದ ವಾಸನಿ ಮನಿತುಂಬ ಇತ್ತು. ಅಣ್ಣನ ಮನಿಗೆ ಹೊಂಟಾಕಿ ಅಂಟಿನುಂಡಿ ಯಾರಿಗೆ ಕಟ್ಟತಾಳ? ನಾ ಕೇಳಲಿಲ್ಲ. ಕೇಳಿದ್ರ ಬ್ಯಾಡ ಅನ್ನಬೇಕಾಗತಿತ್ತು.”

ಕತ್ತಲಾಗುತ್ತದೆ, ಇಲ್ಲೇ ಇರಿ ಎಂದು ಉಳಿಸಿಕೊಂಡ. ತಾನೇ ರೊಟ್ಟಿ ಬಡಿದು, ಬೆಳ್ಳುಳ್ಳಿ ಖಾರ ಮೊಸರು ಹಾಕಿ ಬಡಿಸಿದ. ಶಾಂತಾಳ ಮಾತು ಮತ್ತೆ ತೆಗೆಯಲಿಲ್ಲ. ಮರುದಿನ ನಾನು ಶಾಲೆಗೆ ತಡವಾಗಿ ಮುಟ್ಟಿದೆ. ಹೆಡ್ ಮಾಸ್ತರರು ಕಾರಣ ಕೇಳಿದಾಗ ಸೈಕಲ್ ಪಂಚರ್ ಎಂದೆ.

ಎರಡು ದಿನ ಬಿಟ್ಟು ದಸ್ತಗೀರ ಬಂದ. ಬಂದವನೇ ನನ್ನ ಖೋಲಿಯ ಹೊಸ್ತಿಲ ಮೇಲೆ ಕುಳಿತು ನಡೆದದ್ದನ್ನು ಹೇಳಿದ. ಚಾಳಿಗೆ ಹೋದಾಗಲೂ ಗೌರವ್ವನಿಗೆ ಬಾಗಿಲು ಬಡಿಯಲಾಗಲಿಲ್ಲವಂತೆ. ಹತ್ತಿರ ಹೋಗುವಳು, ತಿರುಗಿ ಬರುವಳು. ಇವನು ಬಡಿಯೋಣವೆಂದರೆ ಬಾಣಂತಿ ಒಬ್ಬಳೇ ಇರುವ ಮನೆ, ತಾನು ಗುರುತಿಲ್ಲದ ಗಂಡಸು. ಕಡೆಗೆ ಇವನಿಗೆ ಒಂದು ಉಪಾಯ ಹೊಳೆಯಿತು. ಜೋಳಿಗೆಯಲ್ಲಿ ಮಾರಿ ಉಳಿದ ನಿಂಬೆಹಣ್ಣು ನಾಲ್ಕಾರು ಇದ್ದವು. ಚಾಳಿನ ನಡುವೆ ನಿಂತು, “ನಿಂಬಿಹಣ್ಣ, ಇಂಡೀ ನಿಂಬಿಹಣ್ಣ” ಎಂದು ಜೋರಾಗಿ ಕೂಗಿದ.

“ಸೊಲ್ಲಾಪುರದಾಗ ಕನ್ನಡದಾಗ ಇಂಡೀ ನಿಂಬಿ ಅಂತ ಒದರಿದ್ರ ನಮ್ಮ ಕಡೆ ಹುಡುಗಿ ಒಳಗ ಕುಂದರತಾಳೇನ್ರಿ ಮಾಸ್ತರ? ಕೂಸಿನ ಎತ್ತಿಕೊಂಡ ಹೊರಗ ಬಂದ್ಳು. ನನ್ನ ನೋಡಲಿಲ್ಲ, ನಿಂಬಿ ನೋಡಲಿಲ್ಲ. ನನ್ನ ಹಿಂದ ಅವ್ವ ನಿಂತಿದ್ಳಲ್ಲ.”

“ಏನಂದ್ಳು?”

“ಏನೂ ಅನಲಿಲ್ಲ. ಕೂಸಿನ ಅವ್ವನ ಕೈಯಾಗ ಕೊಟ್ಳು. ನಾ ಚೀಲಾ, ನಿಂಬಿಹಣ್ಣು ಬಾಗಿಲಾ ಕಟ್ಟಿ ಮ್ಯಾಲ ಇಟ್ಟು ಬಂದೆ.”

ನಾನು ಕೂಡಲೇ ಕೇಳಿದ್ದು, “ಕೂಸು ಗಂಡೋ ಹೆಣ್ಣೋ?” ಎಂದು.

“ಹೆಣ್ಣು,” ಎಂದ.

ಅದೇ ಸಂಜೆ ಹೊರ್ತಿಯ ಕಡೆ ಹೊರಟಿದ್ದ ಲಾರಿಯವನ ಕೈಯಲ್ಲಿ ಶಿವಲಿಂಗಪ್ಪನಿಗೆ ಆ ಸುದ್ದಿ ಕಳಿಸಿದೆ.

ಗೌರವ್ವ ಕೆಲವು ದಿನ ಮಗಳ ಬಾಣಂತನ ಮಾಡಿ ಮರಳಿದಳು. ಗಂಡ ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಆಕೆ ನೇರ ಒಳಗೆ ಹೋಗಿ ಒಲೆ ಹಚ್ಚಿದಳಂತೆ. ಶಿವಲಿಂಗಪ್ಪ ಮಾತ್ರ ಮಗಳ ಮನೆಗೆ ಹೋಗಲಿಲ್ಲ. ಅವನ ಹಟ ಅಷ್ಟು ಬೇಗ ಬಿಡುವಂಥದಲ್ಲ. ಆದರೆ ಕೆಲವು ವಾರದ ಮೇಲೆ ದಸ್ತಗೀರ ಹೊರ್ತಿಯ ತೋಟಕ್ಕೆ ನಿಂಬೆ ಖರೀದಿಗೆ ಹೋದಾಗ, ಶಿವಲಿಂಗಪ್ಪ ಅವನನ್ನು ಗಿರಣಿಗೆ ಕರೆದು ಒಂದು ಸಣ್ಣ ಚೀಲ ಕೊಟ್ಟ. ನುಣ್ಣಗೆ ಬೀಸಿದ ಗೋದಿ ಹಿಟ್ಟು. ಯಾರಿಗೆ ಎಂದು ಹೇಳಲಿಲ್ಲ. ಆಮೇಲೆ ಆಗಾಗ ನಿಂಬೆ ಚೀಲಗಳ ನಡುವೆ ಹೊರ್ತಿಯ ಹಿಟ್ಟಿನ ಚೀಲವೂ ಸೊಲ್ಲಾಪುರಕ್ಕೆ ಹೋಗತೊಡಗಿತು.

ಒಂದು ಸಲ ಹಿಟ್ಟಿನ ಜೊತೆ ಎಂಜಿನ್ನಿನ ಒಂದು ಭಾಗವೂ ಬಂತು, ಅರಿವೆಯಲ್ಲಿ ಸುತ್ತಿದ್ದು. “ಇದು ಕೆಟ್ಟೈತಿ, ಅವಗ ತೋರಿಸ್ರಿ” ಎಂದಷ್ಟೇ ಶಿವಲಿಂಗಪ್ಪ ಹೇಳಿದ್ದ. ಆ ಫಿಟರ್ ಹುಡುಗ ಅದನ್ನು ದಸ್ತಗೀರನ ಕೈಗೆ ಮರಳಿ ಕೊಡಲಿಲ್ಲ. ರಿಪೇರಿ ಮಾಡಿಕೊಂಡು ತಾನೇ ಹೊರ್ತಿಗೆ ಹೋದ, ಹೆಂಡತಿ ಮಗುವನ್ನು ಕರೆದುಕೊಂಡು. ಮಾವ ಅಳಿಯ ಇಬ್ಬರೂ ಮೈಗೆಲ್ಲ ಎಣ್ಣೆ ಮಾಡಿಕೊಂಡು ದಿನವಿಡೀ ಎಂಜಿನ್ ಬಿಚ್ಚಿ ಕೂಡಿಸಿದರೆಂದೂ, ಅವರು ಆಡಿದ ಮಾತೆಲ್ಲ ನಟ್ಟು ಬೋಲ್ಟಿನದೇ ಎಂದೂ ಮುಂದೊಮ್ಮೆ ಸಿಕ್ಕಾಗ ಗೌರವ್ವ ನನಗೆ ನಗುತ್ತ ಹೇಳಿದಳು.

ಮುಂದೆ ನನಗೆ ಮುದ್ದೇಬಿಹಾಳಕ್ಕೆ ವರ್ಗವಾಯಿತು. ಭಾನುವಾರದ ಸಿನಿಮಾ ತಪ್ಪಿತು. ದಸ್ತಗೀರ ಸಿಕ್ಕಾಗ ಈಗಲೂ ಅದೇ ಜಗಳ ತೆಗೆಯುತ್ತಾನೆ. ಆ ಪಿಕ್ಚರ್ ಮಾಡಿದವನು ತನಗೆ ಇನ್ನೂ ಕಾಲು ಭಾಗ ತೋರಿಸಬೇಕು ಎನ್ನುತ್ತಾನೆ.

ಬಹಳ ವರ್ಷಗಳ ಮೇಲೆ ಪುಣೆಯಲ್ಲಿ ಆ ಚಿತ್ರವನ್ನು ಇನ್ನೊಮ್ಮೆ ನೋಡುವ ಅವಕಾಶ ಸಿಕ್ಕಿತು. ನೋಡಿದ ಮೇಲೆ ಹೊರಗೆ ಚಹಾ ಕುಡಿಯುತ್ತ ಓದಿದವರು, ತಿಳಿದವರು ಅದರ ಬಗ್ಗೆ ಮಾತಾಡುತ್ತಿದ್ದರು. ಬೆಳಕಿನ ಬಗ್ಗೆ, ಹಿಮದ ಬಗ್ಗೆ, ಆ ಕೊನೆಯ ಬಗ್ಗೆ. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನನ್ನನ್ನೂ ಕೇಳಿದರು. ಆ ಚಿತ್ರ ಅಲ್ಲಿಗೇ ಮುಗಿಯಬೇಕು ಎಂದೇ ನಾನು ಈಗಲೂ ಅನ್ನುವುದು. ಅವರಿಗೂ ಅದನ್ನೇ ಹೇಳಿದೆ. ಆದರೆ ಮೊದಲಿನಷ್ಟು ಜೋರಾಗಿ ಹೇಳಲಿಲ್ಲ.